ಪುದುಪೇಟೆಯ ಮೈಸೂರು ಜೀಪು

ಚೆನ್ನೈಗೆ ಬಂದು ಎರಡು ವರ್ಷವಾಗಿತ್ತು. 2006ರ ಒಂದು ಶನಿವಾರ ಸ್ಕೂಟರಿಗೆ ಬ್ರೇಕ್ ಡ್ರಮ್ ಹುಡುಕಿಕೊಂಡು ಪುದುಪೇಟೆಗೆ ಹೋದವನು, ಒಂದು ಹಳೆ ಜೀಪಿಗೆ ಮುಂಗಡ ಕೊಟ್ಟು ಬಂದೆ. ಅದು ಮನೆ ಬದಲಾಯಿಸಲೆಂದು ಕೂಡಿಟ್ಟಿದ್ದ ಅಡ್ವಾನ್ಸ್ ದುಡ್ಡು. ಹೆಂಡತಿಗೆ ಏನು ಹೇಳೋದು ಅನ್ನೋ ಯೋಚನೆಯಲ್ಲಿ ಬ್ರೇಕ್ ಡ್ರಮ್ ಮರೆತೇಹೋಗಿತ್ತು.

ಪುದುಪೇಟೆ ಅಂದ್ರೆ ಎಗ್ಮೋರ್ ರೈಲ್ವೆ ಸ್ಟೇಷನ್ನಿನ ಹತ್ತಿರ, ಕೂವಂ ನದಿಯ ಪಕ್ಕದ ಗುಜರಿ ಪೇಟೆ. ನಮ್ಮ ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲನ್ನೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೂ ಒಂದೇ ಗಲ್ಲಿಗೆ ಸುರಿದರೆ ಹೇಗೋ ಹಾಗೆ. ಸತ್ತ ಗಾಡಿಗಳನ್ನು ಇಲ್ಲಿ ಬಿಚ್ಚಿ, ಬಾಗಿಲು ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಪೇರಿಸಿಟ್ಟಿರುತ್ತಾರೆ.

ಎರಡು ಅಂಗಡಿಗಳ ಸಂದಿಯಲ್ಲಿ, ಚಕ್ರವಿಲ್ಲದೆ ಕಲ್ಲುಗಳ ಮೇಲೆ ಆ ಜೀಪು ಕೂತಿತ್ತು. ಎಡಗಡೆ ಸ್ಟೀರಿಂಗ್, ಸೀಟಿನ ಜಾಗದಲ್ಲಿ ಗೋಣಿಚೀಲ. 'ಮಿಲಿಟರಿ ವಂಡಿ ಸಾರ್, ಸೆಕೆಂಡ್ ವರ್ಲ್ಡ್ ವಾರ್' ಅಂದ ಅಂಗಡಿಯ ಭಾಯ್.

ಹಳೆ ಜೀಪು ಮಾರುವವರೆಲ್ಲ ಹೇಳುವ ಮಾತಿದು. ಯುದ್ಧದ ಜೀಪು ಅಂದ ಕೂಡಲೇ ಬೆಲೆ ಏರುತ್ತದೆ. ಆದರೆ ಪರೀಕ್ಷೆ ಸುಲಭ. ಮುಂದಿನ ಜಾಲರಿಯ ಸೀಳುಗಳನ್ನು ಎಣಿಸಬೇಕು. ಯುದ್ಧಕಾಲದ ಜೀಪಿಗೆ ಒಂಬತ್ತು, ಆಮೇಲೆ ಜನಸಾಮಾನ್ಯರಿಗಾಗಿ ಬಂದದ್ದಕ್ಕೆ ಏಳು. ಯುದ್ಧದ ಜೀಪಿನ ಹಿಂಬದಿ ತೆರೆಯುವುದಿಲ್ಲ. ಪೆಟ್ರೋಲ್ ತುಂಬಿಸಬೇಕಾದರೆ ಡ್ರೈವರ್ ಸೀಟು ಎತ್ತಬೇಕು. ಫೋರ್ಡ್ ಕಾರ್ಖಾನೆಯದಾದರೆ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರದ ಗುರುತು. ನಾನು ಎಣಿಸಿದೆ, ಏಳು. 'ಯುದ್ಧ ಮುಗಿದ ಮೇಲೆ ಹುಟ್ಟಿದ್ದು ಭಾಯ್ ಇದು' ಅಂದೆ. ಅವನು ನಕ್ಕು ಐದು ಸಾವಿರ ಇಳಿಸಿದ.

ಜೀಪು ಹುಟ್ಟಿದ್ದೇನೋ ಯುದ್ಧಕ್ಕಾಗಿಯೇ. 1940ರಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕೆಂದು 135 ಕಂಪನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನದಲ್ಲಿ ಮೊದಲ ಗಾಡಿ ಮಾಡಿಕೊಟ್ಟಿತು. ದೊಡ್ಡ ಆರ್ಡರ್ ಸಿಕ್ಕಿದ್ದು ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಮೀರಿ ಜೀಪುಗಳು ತಯಾರಾಗಿದ್ದವು.

ನಮ್ಮ ದೇಶದ ಜೀಪಿನ ಕಥೆಯಲ್ಲಿ ಊರು ಬಿಟ್ಟವರ ಕಥೆಯೂ ಸೇರಿಕೊಂಡಿದೆ. 1945ರಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸಹೋದರರು ಮಲಿಕ್ ಗುಲಾಮ್ ಮಹಮ್ಮದ್ ಜೊತೆ ಕಟ್ಟಿದ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮಹಮ್ಮದ್'. 1947ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪಿನ ಜೋಡಣೆ ಶುರುವಾಯಿತು. ಅದೇ ವರ್ಷ ದೇಶ ಒಡೆಯಿತು. ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಪುದುಪೇಟೆಯ ಜೀಪು ಆ ಕಂಪನಿಯದೇ. ಬಾನೆಟ್ ಎತ್ತರ ಇತ್ತು. ಅಂದ್ರೆ ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಮಾದರಿ. ಅದರ ಹರಿಕೇನ್ ಎಂಜಿನ್ ಹಳೆಯದಕ್ಕಿಂತ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು.

ಇಷ್ಟೆಲ್ಲ ಲೆಕ್ಕಾಚಾರ ಮಾಡಿದ್ದು ರಿಪೇರಿ ಮಾಡಿಸಿ ಮಾರಿ ನಾಲ್ಕು ಕಾಸು ಉಳಿಸೋಣ ಅಂತ. ಆದರೆ ಕೈ ಜೇಬಿಗೆ ಹೋದದ್ದು ನಂಬರ್ ಪ್ಲೇಟಿನ ಕೊಳೆ ಒರೆಸಿದ ಮೇಲೆ. ಅದು 'ಎಂವೈ' ಎಂದು ಶುರುವಾಗಿತ್ತು. 1973ರಲ್ಲಿ ಕರ್ನಾಟಕ ಎಂದು ಹೆಸರಾಗುವ ಮುಂಚಿನ ನಮ್ಮ ಮೈಸೂರು ರಾಜ್ಯದ ಗುರುತು! ಚಿಕ್ಕಮಗಳೂರು ಕಡೆಯ ಕಾಫಿ ತೋಟದಿಂದ ಬಂದದ್ದು ಅಂತ ಪುಸ್ತಕ ಹೇಳುತ್ತಿತ್ತು. ನಮ್ಮ ಕೊಪ್ಪದ ಕಡೆ ಮಳೆಗಾಲದಲ್ಲಿ ಬಸ್ಸು ನಿಂತರೂ ಜೀಪು ನಿಲ್ಲುತ್ತಿರಲಿಲ್ಲ. ಬಸುರಿಯರನ್ನು ಆಸ್ಪತ್ರೆಗೆ ಒಯ್ದದ್ದೂ ಅದೇ, ಅಪ್ಪಯ್ಯನನ್ನು ಕೊನೆಯ ಸಲ ಮನೆಗೆ ತಂದದ್ದೂ ಅದೇ. ಅಂಥದ್ದನ್ನು ಕೂವಂ ದಂಡೆಯಲ್ಲಿ ತುಂಡು ಮಾಡಿ ತೂಕಕ್ಕೆ ಹಾಕುವುದು ಮನಸ್ಸಿಗೆ ಬರಲಿಲ್ಲ.

'ನೋಡದೆ ಮಾಡದೆ ತಗೊಂಡ್ರಾ?' ಅಂದಳು ಹೆಂಡತಿ. ನಾನು ಇತಿಹಾಸ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಹಳೆ ಜೀಪು ಕೊಂಡು ಕೆಟ್ಟವನು ನಾನೊಬ್ಬನೇ ಅಲ್ಲ, ಭಾರತ ಸರ್ಕಾರವೂ ಕೆಟ್ಟಿದೆ. 1948ರಲ್ಲಿ, ಕಾಶ್ಮೀರದ ಯುದ್ಧದ ಕಾಲ, ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ರಿಪೇರಿ ಮಾಡಿದ ಹಳೆ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಹಣದ ದೊಡ್ಡ ಪಾಲು ಮೊದಲೇ ಹೋಯಿತು. ಬಂದಿಳಿದ 155 ಜೀಪುಗಳು ಕೆಲಸಕ್ಕೆ ಬಾರವೆಂದು ಸೈನ್ಯ ತಿರಸ್ಕರಿಸಿತು. ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಗದ್ದಲವಾಗಿ, 1955ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪ್ರಕರಣ ಮುಗಿಯಿತೆಂದು ಘೋಷಿಸಿತು. ಮರುವರ್ಷ ಮೆನನ್ ಕೇಂದ್ರ ಮಂತ್ರಿಯಾದರು. 'ಅವರು ಮಂತ್ರಿಯಾದ್ರು. ನಾವು ಬಾಡಿಗೆ ಮನೆಗೆ ಅಡ್ವಾನ್ಸ್ ಎಲ್ಲಿಂದ ಕೊಡೋದು?' ಅಂದಳು. ಉತ್ತರ ಇರಲಿಲ್ಲ.

ರಿಪೇರಿಗೆ ಎಂಟು ತಿಂಗಳು ಹಿಡಿಯಿತು. ಭಾಯ್‌ಗೆ ಪುದುಪೇಟೆಯ ಎಲ್ಲ ರಾಶಿಗಳೂ ಬಾಯಿಪಾಠ. ಕಾರ್ಬೊರೇಟರ್ ಒಂದು ಗಲ್ಲಿಯಲ್ಲಿ, ಮುಂದಿನ ಆಕ್ಸಲ್ ಇನ್ನೊಂದರಲ್ಲಿ. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿಬಿಡೋಣ, ಖರ್ಚು ಕಡಿಮೆ ಅಂತ ದಿನಾ ಹೇಳುತ್ತಿದ್ದ. ಮಲೆನಾಡಿನಲ್ಲೂ ಎಷ್ಟೋ ಜನ ಹಾಗೇ ಮಾಡಿಸಿದ್ದಾರೆ. ನಾನು ಒಪ್ಪಲಿಲ್ಲ. ಕಾಗದದಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಆದರೆ ಕೊಳ್ಳುವವನು ಓಡಿಹೋಗುತ್ತಾನೆ.

ಕೊನೆಗೆ ಸಿಕ್ಕಿಕೊಂಡದ್ದು ಕಾಗದದಲ್ಲೇ. 1989ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಊರಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ನೋಂದಣಿಯ ಅವಧಿ ಯಾವಾಗಲೋ ತೀರಿದ್ದರಿಂದ ಮೊದಲು ಅದರ ನವೀಕರಣ ಆಗಬೇಕು, ನವೀಕರಣಕ್ಕೆ ಗಾಡಿಯನ್ನೇ ತಂದು ತೋರಿಸಬೇಕು. ಚೆನ್ನೈಯಲ್ಲಿ ಇರಬೇಕಾದರೆ ಅದು ಮೊದಲು ಊರಿಗೆ ಹೋಗಿ ಬರಬೇಕು! ಇಲ್ಲಿ ಕೊಳ್ಳುತ್ತೇನೆಂದಿದ್ದವರು ಇದನ್ನು ಕೇಳಿ ಫೋನೆತ್ತುವುದನ್ನೇ ಬಿಟ್ಟರು.

ಲಾರಿಗೆ ಹೇರಿದೆವು. ಭಾಯ್ ಬಾನೆಟ್ ತಟ್ಟಿ, 'ಊರಿಗೆ ಹೋಗುತ್ತೆ, ಇನ್ನು ಬರಲ್ಲ ಸಾರ್' ಅಂದ.

ಅವನ ಮಾತೇ ನಿಜವಾಯಿತು. ತಪಾಸಣೆಯಲ್ಲಿ ಪಾಸಾದ ದಿನವೇ ನಮ್ಮ ನೆಂಟರ ಪೈಕಿ ತೋಟದವರೊಬ್ಬರು ಕೇಳಿದರು. ಊರಲ್ಲಿ ಅದಕ್ಕೆ ನಿರಾಕ್ಷೇಪಣೆಯೂ ಬೇಡ, ಹೊಸ ನಂಬರೂ ಬೇಡ. ಹಾಕಿದ ದುಡ್ಡಿಗಿಂತ ಹತ್ತು ಸಾವಿರ ಹೆಚ್ಚು ಬಂತು, ಅದನ್ನು ಲಾರಿ ಬಾಡಿಗೆ ನುಂಗಿತು. ಅಡ್ವಾನ್ಸ್ ಕೊಟ್ಟು ಮನೆ ಬದಲಾಯಿಸಿದೆವು, ಒಂದೂವರೆ ವರ್ಷ ತಡವಾಗಿ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗಳಿಗೆ 'ವಿಎ' ಎಂಬ ಬೇರೆ ಸಾಲಿನ ನೋಂದಣಿ ತಂದಿತು. ನೆಂಟರಿಗೆ ಫೋನ್ ಮಾಡಿ ಹೇಳಿದೆ. 'ಅದನ್ನ ಹಾಕ್ಸಿದ್ರೆ ದಿನಾ ಓಡ್ಸೋ ಹಾಗಿಲ್ವಂತಲ್ಲ ಮಾರಾಯ, ಗೊಬ್ಬರ ಯಾರು ಹೊರ್‍ತಾರೆ?' ಅಂದರು. ಫೋನಿನ ಹಿಂದೆ ಎಂಜಿನ್ ಸದ್ದು ಕೇಳುತ್ತಿತ್ತು.

ನನ್ನ ಸ್ಕೂಟರಿಗೆ ಯಾವತ್ತೋ ಟಿಎನ್ ನಂಬರ್ ಬಂದಾಗಿದೆ.