ಹೊರಬಿದ್ದ ಡಿಸ್ಕ್ ಕೆಟ್ಟ ಡಿಸ್ಕೇ?

ಜಾಲದ ಮೂಲಕ ಕಡತ ಒದಗಿಸುವ ನ್ಯಾಸ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿ, ಹಲವು ಡಿಸ್ಕುಗಳು ಒಂದಾಗಿ ದುಡಿಯುವ ರೇಡ್ ಕೂಟದಿಂದ ಒಂದು ಡಿಸ್ಕ್ ಹೊರಬಿತ್ತೆಂದರೆ ಅದು ಕೆಟ್ಟಿತೆಂದೇ ಹೆಚ್ಚಿನವರ ತೀರ್ಮಾನ. ಈ ತೀರ್ಮಾನದ ಬೇರು ರೇಡ್‌ನ ಹುಟ್ಟಿನಲ್ಲೇ ಇದೆ. 1988ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ತಮ್ಮ ಪ್ರಬಂಧದಲ್ಲಿ ಐಬಿಎಂನ ದೊಡ್ಡ 3380 ಡಿಸ್ಕಿನ ಎದುರಿಗೆ ಕಾನರ್ ಕಂಪನಿಯ 100 ಮೆಗಾಬೈಟ್‌ನ ಅಗ್ಗದ ಡಿಸ್ಕುಗಳ ಸಾಲನ್ನು ನಿಲ್ಲಿಸಿದರು. ಅಂಥ ಒಂದು ಡಿಸ್ಕಿನ ಸರಾಸರಿ ಬಾಳಿಕೆ 30,000 ಗಂಟೆ. ನೂರನ್ನು ಒಟ್ಟುಗೂಡಿಸಿದರೆ 300 ಗಂಟೆಗೆ, ಅಂದರೆ ಎರಡು ವಾರದೊಳಗೆ, ಒಂದಾದರೂ ಕೈಕೊಡುತ್ತದೆ. ಅದಕ್ಕೇ ಹೆಚ್ಚುವರಿ ಮಾಹಿತಿ ಬರೆದಿಡುವ ಉಪಾಯ. ಆ ಲೆಕ್ಕದಲ್ಲಿ ಡಿಸ್ಕಿಗೆ ಇದ್ದದ್ದು ಎರಡೇ ಸ್ಥಿತಿ: ನಡೆಯುವುದು, ಇಲ್ಲವೇ ಸಾಯುವುದು. ಬದುಕಿದ್ದೂ ಸಕಾಲಕ್ಕೆ ಉತ್ತರ ಕೊಡದ ಡಿಸ್ಕಿಗೆ ಅಲ್ಲಿ ಜಾಗವಿರಲಿಲ್ಲ. ಮುಂದೆ ಕಾಡಿದ್ದು ಅದೇ.

ಓದಲಾಗದ ಸೆಕ್ಟರ್ ಸಿಕ್ಕಿದಾಗ ಡೆಸ್ಕ್‌ಟಾಪ್ ಡಿಸ್ಕ್ ಪಟ್ಟುಬಿಡದೆ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಕೆಲವೊಮ್ಮೆ ನಿಮಿಷಗಟ್ಟಲೆ. ಕೂಟವನ್ನು ನಡೆಸುವ ಕಂಟ್ರೋಲರ್ ಅಷ್ಟು ಕಾಯುವುದಿಲ್ಲ; ಡಿಸ್ಕ್ ಸತ್ತಿತೆಂದು ಹೊರಹಾಕುತ್ತದೆ. ಲಿನಕ್ಸ್ ಕೂಡ ಸಾಮಾನ್ಯವಾಗಿ 30 ಸೆಕೆಂಡ್ ನೋಡಿ ಸಂಪರ್ಕವನ್ನು ರೀಸೆಟ್ ಮಾಡುತ್ತದೆ. ವೆಸ್ಟರ್ನ್ ಡಿಜಿಟಲ್ 'ಟಿಎಲ್‌ಇಆರ್' ಎಂಬ ಹೆಸರಿನಲ್ಲಿ, ರೇಡ್‌ಗೆಂದು ಮಾರುವ ದುಬಾರಿ ಡಿಸ್ಕುಗಳಲ್ಲಿ ಈ ಹೆಣಗಾಟಕ್ಕೆ ಸುಮಾರು 7 ಸೆಕೆಂಡಿನ ಮಿತಿ ಹಾಕಿದ್ದು ಇದಕ್ಕಾಗಿ: ಡಿಸ್ಕ್ ಬೇಗ ಸೋಲೊಪ್ಪಿದರೆ ಕಂಟ್ರೋಲರ್ ಉಳಿದ ಡಿಸ್ಕುಗಳಿಂದ ಮಾಹಿತಿ ಕಟ್ಟಿಕೊಂಡು ಮುಂದೆ ಸಾಗುತ್ತದೆ. ದುಬಾರಿ ಡಿಸ್ಕ್ ಮಾರುವ ತಂತ್ರವಿದು ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಮೊದಮೊದಲು ಡೆಸ್ಕ್‌ಟಾಪ್ ಡಿಸ್ಕಿನಲ್ಲೂ ಒಂದು ಚಿಕ್ಕ ತಂತ್ರಾಂಶದಿಂದ ಮಿತಿ ಹಾಕಬಹುದಿತ್ತು. ಆಮೇಲೆ ಆ ದಾರಿ ಮುಚ್ಚಿತು. ಆದರೂ ಒಂಟಿ ಡಿಸ್ಕಿನಲ್ಲಿ ಆ ಹಟವೇ ಸರಿ, ಏಕೆಂದರೆ ಅಲ್ಲಿ ಎರಡನೆಯ ಪ್ರತಿ ಇಲ್ಲ.

ಎಲ್ಲ ಹೊಣೆಯನ್ನೂ ತಪ್ಪು ಡಿಸ್ಕ್ ಆರಿಸಿದ ಬಳಕೆದಾರನ ಮೇಲೆ ಹೊರಿಸಲಾಗದೆಂದು 2020 ತೋರಿಸಿತು. ನ್ಯಾಸ್‌ಗೆಂದೇ ಮಾರಿದ ವೆಸ್ಟರ್ನ್ ಡಿಜಿಟಲ್ ರೆಡ್ ಡಿಸ್ಕುಗಳಲ್ಲಿ 2ರಿಂದ 6 ಟೆರಾಬೈಟ್‌ನವು ಎಸ್‌ಎಂಆರ್ ತಂತ್ರದವೆಂದು ಆ ಏಪ್ರಿಲ್‌ನಲ್ಲಿ ಬಯಲಾಯಿತು. ಅವುಗಳಲ್ಲಿ ಟ್ರ್ಯಾಕುಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ರೀಬಿಲ್ಡ್, ಅಂದರೆ ಬದಲಿ ಡಿಸ್ಕಿಗೆ ಮಾಹಿತಿ ಮರುಕಟ್ಟುವ ಕೆಲಸ, ನಡೆಯುವಾಗ ಬರಹದ ಹೊರೆ ತಾಳಲಾರದೆ ಹೊಚ್ಚಹೊಸ ಡಿಸ್ಕುಗಳೂ ಹೊರಬಿದ್ದವು. ಕಂಪನಿ ಬಳಿಕ ಹಳೆಯ ಬಗೆಯವನ್ನು 'ರೆಡ್ ಪ್ಲಸ್' ಎಂದು ಬೇರ್ಪಡಿಸಿತು. ಖರೀದಿದಾರರಿಗೆ ಇದನ್ನು ಮೊದಲೇ ಹೇಳದೆ ಮಾರಿದ್ದು ದೊಡ್ಡ ತಪ್ಪು.

ಮಾಹಿತಿ ಅಪಾಯದಲ್ಲಿರುವಾಗ ಚರ್ಚೆಯೇಕೆ, ಡಿಸ್ಕ್ ಬದಲಿಸಿಬಿಡಿ ಎನ್ನುವವರಿದ್ದಾರೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳನ್ನು ತೋರಿಸುವ 5 ಮತ್ತು 197ನೇ ಸಾಲುಗಳ ಎಣಿಕೆ ಏರುತ್ತಿದ್ದರೆ ಅವರ ಮಾತು ಒಪ್ಪತಕ್ಕದ್ದೇ. ಏರುತ್ತಿರುವುದು 199ನೆಯದಾದರೆ ಸಾಮಾನ್ಯವಾಗಿ ಕೇಬಲ್ ಇಲ್ಲವೇ ಕನೆಕ್ಟರ್ ದೋಷ; ಹೊಸ ಡಿಸ್ಕೂ ಅದೇ ಜಾಗದಲ್ಲಿ ಹೊರಬೀಳುತ್ತದೆ. ಬದಲಿಸುವುದೂ ನಿರಪಾಯವಲ್ಲ. ರೀಬಿಲ್ಡ್ ಉಳಿದ ಡಿಸ್ಕುಗಳನ್ನೆಲ್ಲ ಆದ್ಯಂತ ಓದಿಸುತ್ತದೆ. ಅವುಗಳಿಗೂ ಸಮಯದ ಮಿತಿ ಇಲ್ಲದಿದ್ದರೆ, ಒಂದೇ ಡಿಸ್ಕಿನ ನಷ್ಟ ತಾಳಬಲ್ಲ ರೇಡ್ 5ರಲ್ಲಿ ಒಂದೇ ಕೆಟ್ಟ ಸೆಕ್ಟರ್ ಎರಡನೆಯ ಡಿಸ್ಕನ್ನೂ ಹೊರದೂಡಿ ಇಡೀ ಕೂಟವನ್ನೇ ನಿಲ್ಲಿಸಬಹುದು. ಆದ್ದರಿಂದ ಮೊದಲು ಬ್ಯಾಕಪ್ ತೆಗೆಯಿರಿ, ಆ ಮೂರು ಸಾಲು ನೋಡಿ, ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶದಲ್ಲಿ ಓದು-ಬರಹದ ಮಿತಿ 70 ಇದೆಯೇ ಪರೀಕ್ಷಿಸಿ. 70 ಎಂದರೆ 7 ಸೆಕೆಂಡ್. ಬಹಳಷ್ಟು ಡಿಸ್ಕುಗಳು ವಿದ್ಯುತ್ ಹೋದೊಡನೆ ಇದನ್ನು ಮರೆಯುತ್ತವೆ. ಯಂತ್ರ ಏಳುವಾಗಲೆಲ್ಲ ಮತ್ತೆ ಹೊಂದಿಸುವಂತೆ ಬರೆದಿಡಿ.