ಗೋಗಿಯ ಕಲ್ಲು, ಗೋಗಿಯ ನೀರು

ಹೂವಿನ ಹಿಪ್ಪರಗಿ ಸೀಮೆಯ ಹಳೆಯ ಮನೆಗಳಲ್ಲಿ ಪಡಸಾಲೆಗೆ ಹಾಸಿದ ಕಲ್ಲಿಗೆ ನಾವು ಪರಸಿ ಎನ್ನುತ್ತೇವೆ. ಉರ್ದು ಶಾಲೆಯಲ್ಲಿ ‘ಫರ್ಶ್’ ಎಂಬ ಶಬ್ದ ಕಲಿತ ಮೇಲೆಯೇ ಈ ಎರಡೂ ಒಂದೇ ಬಳ್ಳಿಯವು ಎಂದು ನನಗೆ ಹೊಳೆದದ್ದು. ನಮ್ಮದು ಕರಿಕಲ್ಲು, ಎರೆಮಣ್ಣಿನ ನೆಲ. ಪರಸಿ ಬರುತ್ತಿದ್ದುದು ಪೂರ್ವದ ತಾಳಿಕೋಟೆಯ ಕಡೆಯಿಂದ. ಅಲ್ಲಿಗೆ ಜ್ವಾಲಾಮುಖಿಯ ಕರಿಕಲ್ಲು ಮುಗಿದು ಸುಣ್ಣಕಲ್ಲಿನ ಸೀಮೆ ಶುರುವಾಗುತ್ತದೆ. ಭೂವಿಜ್ಞಾನಿಗಳು ಅದನ್ನು ಭೀಮಾ ಜಲಾನಯನ ಎನ್ನುತ್ತಾರೆ. ಕೆಂಭಾವಿ ದಾಟಿ ಅದೇ ಸುಣ್ಣಕಲ್ಲಿನ ಮೇಲೆ ಮುಂದೆ ಹೋದರೆ ಶಹಾಪುರ ತಾಲೂಕಿನ ಗೋಗಿ ಸಿಗುತ್ತದೆ.

ಗೋಗಿ ಸಣ್ಣ ಊರಲ್ಲ. ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ದೊರೆಗಳು ಮಲಗಿರುವುದು ಇಲ್ಲಿಯೇ. ಗೋಲಗುಮ್ಮಟ, ಇಬ್ರಾಹೀಂ ರೋಜಾ ನೋಡಿ ಬೆರಗಾಗುವವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಮನೆತನದ ಮೂಲಪುರುಷ ಯೂಸುಫ್ ಆದಿಲಶಾಹ 1510ರಲ್ಲಿ ತೀರಿಕೊಂಡಾಗ ಅವನನ್ನು ಹಜರತ್ ಚಂದಾ ಹುಸೇನಿಯವರ ದರ್ಗಾದ ಬಳಿ ಮಣ್ಣು ಮಾಡಿದರು. 1534ರಲ್ಲಿ ದೂರದ ಕೋಯಿಲಕೊಂಡದ ಮುತ್ತಿಗೆಯ ಕಾಲದಲ್ಲಿ ಸತ್ತ ಅವನ ಮಗ ಇಸ್ಮಾಯಿಲನ ಶವವನ್ನೂ ಇಲ್ಲಿಗೇ ತಂದರು. ಮೊದಲನೆಯ ಇಬ್ರಾಹೀಮನ ಗೋರಿಯೂ ಇಲ್ಲಿದೆ. ಒಂದನೆಯ ಅಲಿಯ ಸಹೋದರಿ ಫಾತಿಮಾ ಸುಲ್ತಾನಾ ಕಟ್ಟಿಸಿದ ಕಾಲಿ ಮಸೀದಿ ಇಲ್ಲಿದೆ. ಅರಮನೆ ಬಿಜಾಪುರದಲ್ಲಿದ್ದರೂ ಸೂಫಿಯ ಪಾದದ ಬಳಿಯ ಮಣ್ಣೇ ಅವರಿಗೆ ಬೇಕಾಗಿತ್ತು.

ಆ ಮಣ್ಣಿನ ಕೆಳಗೆ ಏನಿದೆ ಎಂಬುದು ಗೊತ್ತಾದದ್ದು ನಾಲ್ಕೂವರೆ ಶತಮಾನದ ನಂತರ. ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯದವರು 1990ರ ದಶಕದಲ್ಲಿ ಇಲ್ಲಿ ಹುಡುಕಾಟ ನಡೆಸಿ ಯುರೇನಿಯಂ ಕಂಡುಕೊಂಡರು. ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟು ಸೇರುವ ಕಡೆ, ನೆಲ ಬಿರಿದು ಕಲ್ಲು ಪುಡಿಯಾದ ಸೀಳಿನಲ್ಲಿ, ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್ ಎಂಬ ಖನಿಜಗಳ ರೂಪದಲ್ಲಿ ಅದು ಕೂತಿತ್ತು. ಸಾವಿರ ಕಿಲೋ ಅದಿರಿಗೆ ಎರಡು ಕಿಲೋ ಆಸುಪಾಸು. ನಮ್ಮ ದೇಶದ ಲೆಕ್ಕಕ್ಕೆ ಇದು ಒಳ್ಳೆಯ ಅದಿರು. 1967ರಿಂದ ಗಣಿ ನಡೆದ ಜಾರ್ಖಂಡದ ಜಾದೂಗುಡದ್ದು ಇದರ ಅರ್ಧಕ್ಕಿಂತಲೂ ಕಡಿಮೆ. ಭಾರತೀಯ ಯುರೇನಿಯಂ ನಿಗಮ ಗೋಗಿಯಲ್ಲಿ ಪರಿಶೋಧನೆಗಾಗಿ ಗಣಿಯನ್ನೂ ತೋಡಿತು. ಊರಿನಲ್ಲಿ ಆತಂಕ ಹುಟ್ಟಿತು. ಆತಂಕದ ಜೊತೆಗೆ ಗಾಳಿಮಾತೂ ಹುಟ್ಟಿತು. ಆದ್ದರಿಂದ ಈ ಲೋಹದ ಸ್ವಭಾವವನ್ನು ಒಮ್ಮೆ ಸಮಾಧಾನದಿಂದ ನೋಡುವುದು ಒಳ್ಳೆಯದು.

ಜರ್ಮನಿಯ ಕ್ಲಾಪ್ರೋತ್ 1789ರಲ್ಲಿ ಯುರೇನಿಯಮನ್ನು ಗುರುತಿಸಿದ. ಆಗಷ್ಟೇ ಕಂಡುಬಂದಿದ್ದ ಯುರೇನಸ್ ಗ್ರಹದ ಹೆಸರನ್ನೇ ಇಟ್ಟ. ಅದು ಕಿರಣ ಸೂಸುತ್ತದೆ ಎಂದು ಬೆಕೆರೆಲ್ ಕಂಡದ್ದು 1896ರಲ್ಲಿ. ಕಿರಣದ ಮಾತನ್ನು ಎಲ್ಲರೂ ಆಡುತ್ತಾರೆ. ಬಾವಿಯ ನೀರಿಗೆ ಸಂಬಂಧಪಟ್ಟದ್ದು ಅದರ ರಸಾಯನ. ಯುರೇನಿಯಮಿಗೆ ಮುಖ್ಯವಾಗಿ ಎರಡು ಸ್ಥಿತಿ. ಗಾಳಿ ತಾಗದ ಆಳದಲ್ಲಿ ನಾಲ್ಕರ ಸ್ಥಿತಿಯಲ್ಲಿರುತ್ತದೆ. ಆಗ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಆಮ್ಲಜನಕ ತಾಗಿದರೆ ಆರರ ಸ್ಥಿತಿಗೆ ಏರಿ ಯುರೇನೈಲ್ ಎಂಬ ರೂಪ ತಾಳಿ ಕರಗುತ್ತದೆ. ಸುಣ್ಣಕಲ್ಲಿನ ನೀರಿನಲ್ಲಿ ಬೈಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಧಾರಾಳ. ಇವೆರಡೂ ಯುರೇನೈಲಿನ ಕೈ ಹಿಡಿದುಕೊಂಡರೆ ಅದು ಮಣ್ಣಿಗೂ ಅಂಟುವುದಿಲ್ಲ, ಕಲ್ಲಿಗೂ ಅಂಟುವುದಿಲ್ಲ. ನೀರಿನ ಜೊತೆ ನಡೆದೇಬಿಡುತ್ತದೆ.

ಗೋಗಿಯ ಅದಿರು ಅಲ್ಲಿಗೆ ಬಂದದ್ದೂ ಹೀಗೆಯೇ. ಕೋಟ್ಯಂತರ ವರ್ಷಗಳ ಹಿಂದೆ ಗ್ರಾನೈಟಿನಿಂದ ಕರಗಿದ ಯುರೇನಿಯಮನ್ನು ನೀರು ಸೀಳಿನೊಳಗೆ ತಂದಿತು. ಗಂಧಕ, ಕಬ್ಬಿಣ ಕೂಡಿದ ಖನಿಜಗಳೂ ಇಂಗಾಲದ ಅಂಶವೂ ಇದ್ದ ಕಡೆ ಆಮ್ಲಜನಕ ತೀರಿ, ಅದು ಮತ್ತೆ ಗಟ್ಟಿಯಾಗಿ ಕೂತಿತು. ನೀರೇ ತಂದಿಟ್ಟದ್ದನ್ನು ನೀರೇ ಎಬ್ಬಿಸಿಕೊಂಡು ಹೋಗಬಲ್ಲದು. ಅದಕ್ಕೆ ಗಣಿಯೇ ಬೇಕೆಂದಿಲ್ಲ. ಬೋರ್‌ವೆಲ್ಲುಗಳಿಂದ ಅಂತರ್ಜಲ ಇಳಿದರೆ ಒಣಗಿದ ಬಿರುಕಿಗೆ ಗಾಳಿ ಹೋಗುತ್ತದೆ. ಹೊಲಕ್ಕೆ ಸುರಿದ ಗೊಬ್ಬರದ ನೈಟ್ರೇಟ್ ಕೆಳಗಿಳಿದರೆ ಅದೂ ಗಾಳಿಯ ಕೆಲಸವನ್ನೇ ಮಾಡುತ್ತದೆ.

ಗೋಗಿ ಸುತ್ತಲಿನ ಕೆಲವು ಬಾವಿ, ಬೋರ್‌ವೆಲ್ಲುಗಳಲ್ಲಿ ಮಿತಿ ಮೀರಿದ ಯುರೇನಿಯಂ ಇರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಯುರೇನಿಯಂ ಗಣಿಯೇ ಇಲ್ಲದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಗ್ರಾನೈಟು ನೆಲದ ನೀರಿನಲ್ಲೂ ಹೀಗೇ ಕಂಡಿದೆ. ಮಿತಿ ಎಂದರೇನು? ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂ ಎಂದಿತ್ತು, 2011ರಲ್ಲಿ 30 ಎಂದಿತು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಒಂದೇ ಕೊಡ ನೀರು ಒಂದು ಕಾಗದದಲ್ಲಿ ತಪ್ಪು, ಇನ್ನೊಂದರಲ್ಲಿ ಒಪ್ಪು! ಕುಡಿಯುವವರ ದೇಹದಲ್ಲಿ ಮೊದಲು ಪೆಟ್ಟು ತಿನ್ನುವುದು ಮೂತ್ರಪಿಂಡ, ಅದೂ ಕಿರಣದಿಂದಲ್ಲ, ಸೀಸ ಕ್ಯಾಡ್ಮಿಯಮ್ಮಿನ ಹಾಗೆ ಲೋಹದ ವಿಷದಿಂದ. ನೀರು ಕುದಿಸಿದರೆ ಇದು ಹೋಗುವುದಿಲ್ಲ. ಆರ್‌ಒ ಯಂತ್ರ ತೆಗೆಯುತ್ತದೆ. ಆದರೆ ಅದು ಹೊರಚೆಲ್ಲುವ ನೀರಿನಲ್ಲಿ ಯುರೇನಿಯಂ ಇನ್ನೂ ಹೆಚ್ಚಿರುತ್ತದೆ. ಆ ನೀರು ಯಾವ ಚರಂಡಿಗೆ, ಯಾವ ದನದ ತೊಟ್ಟಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ.

ಗಣಿ ನಡೆದರೆ ಇನ್ನೊಂದು ಲೆಕ್ಕ ಸೇರುತ್ತದೆ. ಎರಡು ಕಿಲೋ ತೆಗೆದ ಮೇಲೆ ಉಳಿಯುವ ಒಂಬೈನೂರ ತೊಂಬತ್ತೆಂಟು ಕಿಲೋ ಪುಡಿ ಎಲ್ಲಿಗೆ? ಅದಿರಿನ ವಿಕಿರಣದ ಹೆಚ್ಚಿನ ಪಾಲು ಆ ಪುಡಿಯಲ್ಲೇ ಉಳಿಯುತ್ತದೆ. ಅದರಲ್ಲಿನ ಥೋರಿಯಂ-230 ಅರ್ಧವಾಗಲು ಸುಮಾರು 75,000 ವರ್ಷ, ರೇಡಿಯಂ-226 ಅರ್ಧವಾಗಲು 1,600 ವರ್ಷ ಬೇಕು. ಯೂಸುಫ್ ಆದಿಲಶಾಹನ ಗೋರಿಗೆ ಇನ್ನೂ ಆರುನೂರು ವರ್ಷವೂ ಆಗಿಲ್ಲ.

ತೆಗೆದ ಯುರೇನಿಯಂ ಇಂಧನವಾಗಿ ಕಾಳಿ ನದಿಯ ಕೈಗಾದಂಥ ಸ್ಥಾವರಗಳಿಗೆ ಹೋಗುತ್ತದೆ. ಅಲ್ಲಿ ಉರಿಯುವಾಗ ಅದರ ಸ್ವಲ್ಪ ಭಾಗ ಪ್ಲುಟೋನಿಯಂ ಆಗುತ್ತದೆ. ಅಮೆರಿಕದ ಸೀಬೋರ್ಗ್ ಮತ್ತು ಸಂಗಡಿಗರು 1940-41ರಲ್ಲಿ ಮಾಡಿ ತೋರಿಸಿದ ಲೋಹ ಇದು. ನಿಸರ್ಗದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. 1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿ ಇದು ಆರು ಕಿಲೋ ಇತ್ತು. ಸಿಡಿದದ್ದು ಸುಮಾರು ಒಂದು ಕಿಲೋ ಮಾತ್ರ, ಉಳಿದದ್ದು ಗಾಳಿಗೆ ಹೋಯಿತು. ಆಮೇಲೆ 1980ರವರೆಗೆ ಬಯಲಿನಲ್ಲಿ ನಡೆದ ಪರೀಕ್ಷೆಗಳು ಟನ್ನುಗಟ್ಟಲೆ ಪ್ಲುಟೋನಿಯಮನ್ನು ಭೂಮಿಯ ಮೇಲೆಲ್ಲ ಉದುರಿಸಿದವು. ನಮ್ಮ ಡೋಣಿ ಸಾಲಿನ ಎರೆಮಣ್ಣೂ ಇದಕ್ಕೆ ಹೊರತಲ್ಲ, ಅತ್ಯಲ್ಪವಾದರೂ ಇದೆ. ಯುರೇನಿಯಮಿನಂತೆ ಇದು ಸುಲಭವಾಗಿ ಕರಗುವುದಿಲ್ಲ, ಮೇಲ್ಮಣ್ಣಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಇದು ಹೂತಲ್ಲೇ ಇರುತ್ತದೆಂದು ನಂಬಲಾಗಿತ್ತು. ಆದರೆ ಅಮೆರಿಕದ ನೆವಾಡದ ಪರೀಕ್ಷಾಭೂಮಿಯಲ್ಲಿ ಅದು ಜೇಡಿಯ ಸೂಕ್ಷ್ಮ ಕಣಗಳ ಬೆನ್ನೇರಿ ಅಂತರ್ಜಲದಲ್ಲಿ 1.3 ಕಿಲೋಮೀಟರ್ ಹೋಗಿರುವುದು 1999ರಲ್ಲಿ ಬೆಳಕಿಗೆ ಬಂತು. ಅದು ಅರ್ಧವಾಗಲು 24,100 ವರ್ಷ ಬೇಕು.

ನಮಗೆ ಕರೆಂಟು ಬೇಕು, ದೇಶಕ್ಕೆ ಇಂಧನ ಬೇಕು ಎನ್ನುವ ಮಾತು ಸುಳ್ಳಲ್ಲ. ಗೋಗಿಯ ನೀರೆಲ್ಲ ವಿಷ ಎನ್ನುವ ಮಾತೂ ನಿಜವಲ್ಲ. ಒಂದು ಬಾವಿಗೂ ಪಕ್ಕದ ಬಾವಿಗೂ ಅಜಗಜಾಂತರ ಇರಬಹುದು. ಹಾಗಿರುವಾಗ ಪ್ರತಿ ಬಾವಿಯ ಲೆಕ್ಕವನ್ನು ಆ ಬಾವಿಯ ನೀರು ಕುಡಿಯುವವರಿಗೆ ತಿಳಿಸುವುದಕ್ಕೆ ಏನಡ್ಡಿ? ವರ್ಷಕ್ಕೆರಡು ಸಲ, ಮಳೆಗೆ ಮೊದಲು ಮತ್ತು ಮಳೆಯ ನಂತರ ಪರೀಕ್ಷೆ ಮಾಡಿ, ಅಂಕಿಯನ್ನು ಪಂಚಾಯತಿ ಗೋಡೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಇದು ಪರಮಾಣು ರಹಸ್ಯವೇನಲ್ಲ.

ಚರಿತ್ರೆ ಬರೆಯುವವರು ಗೋಗಿಗೆ ಬಂದು ಗೋರಿ ನೋಡಿಕೊಂಡು ಹೋಗುತ್ತಾರೆ. ಖನಿಜ ಹುಡುಕುವವರು ಕಲ್ಲು ನೋಡಿಕೊಂಡು ಹೋಗುತ್ತಾರೆ. ಕೊಡ ಹಿಡಿದು ನಳದ ಮುಂದೆ ನಿಂತ ಹೆಂಗಸು ಅಲ್ಲೇ ಇರುತ್ತಾಳೆ. ತನ್ನ ಕೊಡದಲ್ಲಿ ಏನಿದೆ ಎಂಬುದನ್ನು ಬಾಯಿಬಿಟ್ಟು ಕೇಳುವ ಹಕ್ಕು ಅವಳಿಗಿದೆ. ಉತ್ತರ ಕೊಡುವ ಹೊಣೆ ನಮ್ಮೆಲ್ಲರದು.