ಮಹಿಳಾ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್

ಅಮೆರಿಕದ ಟೆನೆಸೀ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ 1999ರಲ್ಲಿ ಆರಂಭವಾದ ಗೌರವ ಸಂಸ್ಥೆ ಮತ್ತು ವಸ್ತುಸಂಗ್ರಹಾಲಯ. ಮಹಿಳಾ ಬ್ಯಾಸ್ಕೆಟ್‌ಬಾಲನ್ನು ಬೆಳೆಸಿದ ಆಟಗಾರ್ತಿಯರು, ತರಬೇತುದಾರರು ಮತ್ತಿತರರನ್ನು ಇಲ್ಲಿ ಗೌರವಿಸಲಾಗುತ್ತದೆ. ಮೊದಲ ವರ್ಷವೇ ಗೌರವ ಪಡೆದವರಲ್ಲಿ ಸೆಂಡಾ ಬೆರೆನ್ಸನ್ ಅಗ್ರಗಣ್ಯರು. ಲಿಥುವೇನಿಯಾದಲ್ಲಿ ಹುಟ್ಟಿದ ಇವರು, ಆಟ ರೂಪುಗೊಂಡ ಮರುವರ್ಷವೇ, 1892ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಿದರು. ಅಂಕಣವನ್ನು ಮೂರು ಭಾಗ ಮಾಡಿ, ಆಟಗಾರ್ತಿಯರು ತಮ್ಮ ಭಾಗ ಬಿಟ್ಟು ಕದಲದಂತೆ ನಿಯಮ ರೂಪಿಸಿದರು. ಇಂದು ಅದು ಕಟ್ಟುಪಾಡಾಗಿ ಕಂಡರೂ ಹೆಣ್ಣುಮಕ್ಕಳಿಗೆ ಆಟದ ಬಾಗಿಲು ತೆರೆದದ್ದು ಅದೇ. ಟೆನೆಸೀ ವಿಶ್ವವಿದ್ಯಾಲಯದ ತಂಡಕ್ಕೆ 1,098 ಗೆಲುವು ತಂದ ತರಬೇತುದಾರೆ ಪ್ಯಾಟ್ ಸಮ್ಮಿಟ್ ಕೂಡ 1999ರಲ್ಲೇ ಈ ಗೌರವ ಪಡೆದರು. ಇನ್ನೊಬ್ಬರು ಲೂಸಿಯಾ ಹ್ಯಾರಿಸ್. ಒಲಿಂಪಿಕ್ಸ್ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಮೊಟ್ಟಮೊದಲ ಅಂಕಗಳನ್ನು 1976ರ ಮಾಂಟ್ರಿಯಲ್‌ನಲ್ಲಿ ಗಳಿಸಿದವರು ಇವರೇ.